ನೋವು ಹೇಳಲು ಬಾರದವರಿಗೂ ಸರಿಯಾದ ಚಿಕಿತ್ಸೆ ಸಿಗಬೇಕು: ಮನೆಯವರಿಗೊಂದು ಮಾರ್ಗದರ್ಶಿ

ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಬಾರದವರು ಹೊಟ್ಟೆ ನೋವು ಬಂದಾಗ ಏನು ಮಾಡುತ್ತಾರೆ? ಕೆಲವರು ಊಟ ಬಿಡುತ್ತಾರೆ. ಕೆಲವರು ಕೈ ಕಚ್ಚಿಕೊಳ್ಳುತ್ತಾರೆ. ಕೆಲವರು ರಾತ್ರಿಯೆಲ್ಲ ಓಡಾಡುತ್ತಾರೆ. ಇನ್ನು ಕೆಲವರು ಸುಮ್ನೆ ಒಂದು ಮೂಲೆ ಹಿಡಿದು ಕೂತುಬಿಡುತ್ತಾರೆ. ಸುತ್ತಲಿನವರಿಗೆ ಅದು ಹಟದ ಹಾಗೆ ಕಾಣುತ್ತದೆ. ಡಾಕ್ಟರ್ ಹತ್ತಿರ ಹೋದರೂ "ಇಂಥವರು ಹೀಗೇ ಅಲ್ವಾ" ಎಂಬ ಮಾತು ಬರುತ್ತದೆ. ಅಷ್ಟರಲ್ಲಿ ಕಾಯಿಲೆ ಒಳಗೊಳಗೇ ಬೆಳೆದಿರುತ್ತದೆ.

ಬೌದ್ಧಿಕ ಅಸಾಮರ್ಥ್ಯ ಇರುವವರ ಬದುಕಿನಲ್ಲಿ ಇದು ಎಷ್ಟು ದೊಡ್ಡ ವಿಷಯ ಎನ್ನುವುದಕ್ಕೆ ಲೆಕ್ಕವಿದೆ. ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ಇಂಥ 247 ಜನರ ಸಾವನ್ನು ಒಂದೊಂದಾಗಿ ಪರಿಶೀಲಿಸಿದ ವರದಿಯೊಂದು 2013ರಲ್ಲಿ ಬಂತು. ಉಳಿದವರಿಗೆ ಹೋಲಿಸಿದರೆ ಇವರಲ್ಲಿ ಗಂಡಸರು ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಂಡಿದ್ದರು. ಕಾಯಿಲೆ ಪತ್ತೆಯಾಗುವುದು ತಡವಾಗಿತ್ತು, ಚಿಕಿತ್ಸೆ ಶುರುವಾಗುವುದು ತಡವಾಗಿತ್ತು, ಅವರಿಗೆ ತಕ್ಕ ಹಾಗೆ ಆಸ್ಪತ್ರೆಗಳು ಹೊಂದಿಕೊಂಡಿರಲಿಲ್ಲ. ಇವೆಲ್ಲ ಬದಲಾಯಿಸಬಹುದಾದ ಸಂಗತಿಗಳು. ಅದರಲ್ಲಿ ಎಷ್ಟೋ ಕೆಲಸ ಮನೆಯಿಂದಲೇ ಶುರು ಮಾಡಬಹುದು.

ಬೌದ್ಧಿಕ ಅಸಾಮರ್ಥ್ಯ ಇರುವವರನ್ನು, ಅಂದರೆ ಚಿಕ್ಕಂದಿನಿಂದಲೇ ಕಲಿಯುವುದು, ಅರ್ಥ ಮಾಡಿಕೊಳ್ಳುವುದು, ದಿನದ ಕೆಲಸ ನಿಭಾಯಿಸುವುದು ನಿಧಾನವಾಗಿರುವ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿಗೆ ಇರುವ ಸ್ಥಿತಿ) ಇರಬಹುದು, ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಆದ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು) ಜೊತೆಗೆ ಬಂದಿದ್ದಿರಬಹುದು, ಕಾರಣವೇ ಗೊತ್ತಿಲ್ಲದೆಯೂ ಇರಬಹುದು.

ಹಂತ 1: ಚೆನ್ನಾಗಿರುವ ದಿನ ಹೇಗಿರುತ್ತದೆ, ಬರೆದಿಡಿ

ಎಲ್ಲರೂ ಕಾಯಿಲೆ ಬಂದ ಮೇಲೆ ಗಮನಿಸಲು ಶುರು ಮಾಡುತ್ತಾರೆ. ಆರೋಗ್ಯವಾಗಿರುವಾಗಲೇ ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆ ನಿದ್ದೆ, ಎಷ್ಟು ಊಟ, ಎಷ್ಟು ದಿನಕ್ಕೊಮ್ಮೆ ಮಲ ವಿಸರ್ಜನೆ, ನಡಿಗೆ ಹೇಗೆ, ಖುಷಿಯಾದಾಗ ಯಾವ ಸದ್ದು ಮಾಡುತ್ತಾರೆ, ಬೇಜಾರಾದಾಗ ಮುಖ ಹೇಗಿರುತ್ತದೆ. ಒಂದು ವಾರ ಬರೆದರೆ ಸಾಕು, ಒಂದು ಅಂದಾಜು ಸಿಗುತ್ತದೆ. ತೂಕವನ್ನು ಮಾತ್ರ ತಿಂಗಳಿಗೊಮ್ಮೆ ನೋಡಿ ಬರೆಯಿರಿ. ಫೋನಿನಲ್ಲಿ ಒಂದೆರಡು ನಿಮಿಷದ ವಿಡಿಯೋ ಕೂಡ ಇಟ್ಟುಕೊಳ್ಳಿ: ನಡೆಯುವುದು, ಊಟ ಮಾಡುವುದು, ಮಾತಾಡುವುದು. ಮುಂದೆ ಡಾಕ್ಟರಿಗೆ "ಮೊದಲು ಹೀಗಿದ್ದರು, ಈಗ ಹೀಗಾಗಿದ್ದಾರೆ" ಎಂದು ತೋರಿಸಲು ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಆಮೇಲೆ ಏನಾದರೂ ಬದಲಾದರೆ ಮೊದಲು ದೇಹದ ಕಡೆ ನೋಡಿ. ಸ್ವಭಾವ ಕೆಟ್ಟಿದೆ ಅನ್ನುವ ತೀರ್ಮಾನ ಕೊನೆಗಿರಲಿ. ತಲೆ, ಕೆನ್ನೆ ಬಡಿದುಕೊಳ್ಳುತ್ತಿದ್ದರೆ ಕಿವಿ ಮತ್ತು ಹಲ್ಲು ತೋರಿಸಬೇಕು. ಊಟ ಮಾಡಿದ ಮೇಲೆ ಅಥವಾ ಮಲಗಿದಾಗ ಕಿರುಚಾಟ ಜಾಸ್ತಿಯಾದರೆ ಹೊಟ್ಟೆಯ ಆಮ್ಲ ಮೇಲೆ ಬಂದು ಎದೆ ಉರಿಯುತ್ತಿರಬಹುದು. ಮುಟ್ಟಿನ ಆಸುಪಾಸಿನಲ್ಲಿ ಮಾತ್ರ ಸಿಟ್ಟು ಬರುತ್ತಿದ್ದರೆ ಆ ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ. ಮುಂಚೆ ಹಿಡಿತದಲ್ಲಿದ್ದ ಮೂತ್ರ ತಪ್ಪತೊಡಗಿದರೆ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಎಲ್ಲವನ್ನೂ ನೋಡಬೇಕಾಗುತ್ತದೆ.

ನನ್ನ ಚಿಕ್ಕಪ್ಪನ ಮಗನಿಗೆ ಡೌನ್ ಸಿಂಡ್ರೋಮ್. ಒಂದು ಸಮಯದಲ್ಲಿ ಅವನು ಸಂಜೆಯಾದ ಮೇಲೆ ಮೆಟ್ಟಿಲು ಇಳಿಯುವುದನ್ನೇ ಬಿಟ್ಟ. ಮೇಲಿನ ಮೆಟ್ಟಿಲ ಮೇಲೆ ಕೂತು, ಕಂಬಿ ಹಿಡಿದುಕೊಂಡು, ಯಾರು ಕರೆದರೂ ಏಳುತ್ತಿರಲಿಲ್ಲ. ಬೆಳಿಗ್ಗೆ ಸರಾಗವಾಗಿ ಇಳಿಯುತ್ತಿದ್ದ. ಮನೆಯಲ್ಲಿ ಎಲ್ಲರೂ ಮೊಂಡು ಅಂದರು. ಬೆಳಕಿದ್ದಾಗ ಇಳಿಯುತ್ತಾನೆ, ಮಬ್ಬಾದಾಗ ಇಳಿಯುವುದಿಲ್ಲ ಎನ್ನುವುದನ್ನು ಚಿಕ್ಕಮ್ಮ ಗಮನಿಸಿದ ಮೇಲೆ ಕಣ್ಣಿನ ಡಾಕ್ಟರ್ ಹತ್ತಿರ ಹೋದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡೌನ್ ಸಿಂಡ್ರೋಮ್ ಇರುವವರಿಗೆ ಕಣ್ಣಿನ ಪೊರೆ ಉಳಿದವರಿಗಿಂತ ಬೇಗ ಬರುತ್ತದೆ. ಆಪರೇಷನ್ ಆಯಿತು. ಈಗ ಯಾವ ಹೊತ್ತಿನಲ್ಲಾದರೂ ಇಳಿಯುತ್ತಾನೆ.

ಹಂತ 2: ಒಂದು ಹಾಳೆಯಲ್ಲಿ ಅವರ ಪರಿಚಯ

ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ಇದಕ್ಕೆ ಹಾಸ್ಪಿಟಲ್ ಪಾಸ್‌ಪೋರ್ಟ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಕೆಲಸ ಒಂದೇ: ಇವರನ್ನು ಮೊದಲ ಸಲ ನೋಡುವ ನರ್ಸ್ ಅಥವಾ ಡಾಕ್ಟರ್ ಎರಡು ನಿಮಿಷದಲ್ಲಿ ಇವರನ್ನು ಅರ್ಥ ಮಾಡಿಕೊಳ್ಳಬೇಕು. ಮೇಲೆ ಒಂದು ಫೋಟೋ. ಅದರ ಕೆಳಗೆ ಪ್ರಾಣಕ್ಕೆ ಸಂಬಂಧಿಸಿದ ವಿಷಯ ಮೊದಲು, ಇಷ್ಟ ಕಷ್ಟಗಳು ಆಮೇಲೆ. ಅವರೇ ಮಾತಾಡುತ್ತಿರುವ ಹಾಗೆ ಬರೆದರೆ ಓದುವವರ ಮನಸ್ಸಿಗೆ ಬೇಗ ಮುಟ್ಟುತ್ತದೆ. ಉದಾಹರಣೆಗೆ:

"ನನಗೆ ಫಿಟ್ಸ್ ಬರುತ್ತದೆ. 5 ನಿಮಿಷದ ಒಳಗೆ ನಿಲ್ಲದಿದ್ದರೆ ತುರ್ತು ಔಷಧಿ ಬೇಕು. ನೀರು ಬೇಗ ಬೇಗ ಕುಡಿಸಿದರೆ ನೆತ್ತಿಗೆ ಹತ್ತುತ್ತದೆ. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪ ಕೊಡಿ. ಪೆನಿಸಿಲಿನ್ ನನಗೆ ಆಗುವುದಿಲ್ಲ. ಹೌದು ಎನ್ನಲು ನಿಮ್ಮ ಕೈ ಒತ್ತುತ್ತೇನೆ. ಬೇಡ ಎನ್ನಲು ಮುಖ ತಿರುಗಿಸುತ್ತೇನೆ. ನೋವು ಜಾಸ್ತಿಯಾದರೆ ನಗುತ್ತೇನೆ. ನಗು ನೋಡಿ ಆರಾಮಾಗಿದ್ದೇನೆ ಅಂದುಕೊಳ್ಳಬೇಡಿ. ಹಿಂದಿನಿಂದ ಬಂದು ಮುಟ್ಟಿದರೆ ಹೆದರುತ್ತೇನೆ."

ಆ ನಗುವಿನ ಸಾಲು ಚಿಕ್ಕದಾಗಿ ಕಾಣಬಹುದು. ಆದರೆ ಒಬ್ಬೊಬ್ಬರು ನೋವು ತೋರಿಸುವ ರೀತಿ ಒಂದೊಂದು. ಅದನ್ನು ಬಲ್ಲವರು ಮನೆಯವರು ಮಾತ್ರ. ನೀವು ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಹಾಳೆಯ ಹಿಂಬದಿಯಲ್ಲಿರಲಿ. ಮಾತ್ರೆ ನುಂಗಲು ಬಾರದಿದ್ದರೆ ಅದನ್ನೂ ಬರೆಯಿರಿ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಿ ಕೊಡುವ ಹಾಗಿಲ್ಲ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಸೇರಿಬಿಡುತ್ತದೆ. ಸಿರಪ್ ಅಥವಾ ಬೇರೆ ರೂಪದಲ್ಲಿ ಸಿಗುತ್ತದಾ ಎಂದು ಔಷಧಿ ಕೊಡುವವರನ್ನು ಕೇಳಿ. ಔಷಧಿ ಬದಲಾದಾಗಲೆಲ್ಲ ಹಾಳೆ ಹೊಸದಾಗಲಿ. ಹಳೆ ಪ್ರತಿಯನ್ನು ಹರಿದು ಹಾಕಿ.

ಹಂತ 3: ಹೋಗುವ ಮೊದಲೇ ಫೋನ್ ಮಾಡಿ, ಬೇಕಾದ್ದನ್ನು ಕೇಳಿ

ಕೇಳಲು ಸಂಕೋಚ ಬೇಡ. ಬೇರೆಯವರಿಗೆ ಸಿಗುವ ಮಟ್ಟದ ಆರೋಗ್ಯ ಸೇವೆಯೇ ಅಂಗವಿಕಲರಿಗೂ ಸಿಗಬೇಕು ಎಂದು 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿ ಹೇಳುತ್ತದೆ. ಅದಕ್ಕಾಗಿ ಆಸ್ಪತ್ರೆ ತನ್ನ ಪದ್ಧತಿಯನ್ನು ಸ್ವಲ್ಪ ಬದಲಾಯಿಸಿಕೊಳ್ಳಬೇಕಾದರೆ ಬದಲಾಯಿಸಿಕೊಳ್ಳಬೇಕು. ಗಾಲಿಕುರ್ಚಿಗೆ ಇಳಿಜಾರು ಬೇಕಾದ ಹಾಗೆ ಇವರಿಗೆ ಸಮಯ ಬೇಕು, ಶಾಂತ ಜಾಗ ಬೇಕು.

ಏನೇನು ಕೇಳಬಹುದು? ದಿನದ ಮೊದಲ ಸರದಿ ಅಥವಾ ಕೊನೆಯ ಸರದಿ. ಎರಡು ಸರದಿಯ ಸಮಯ ಸೇರಿಸಿ ಒಬ್ಬರಿಗೆ. ಹೊರಗೆ ಕಾಯುತ್ತೇವೆ, ಸರದಿ ಬಂದಾಗ ಫೋನ್ ಮಾಡಿ ಎನ್ನುವುದು. ಪ್ರತಿ ಸಲ ಅದೇ ಡಾಕ್ಟರ್. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದಿದೆ. ಹಲ್ಲಿನ ಚಿಕಿತ್ಸೆಗೋ ಸ್ಕ್ಯಾನಿಂಗಿಗೋ ಅರಿವಳಿಕೆ ಕೊಡಲೇಬೇಕಾಗಿ ಬಂದರೆ, ಅದೇ ಹೊತ್ತಿನಲ್ಲಿ ರಕ್ತ ತೆಗೆಯುವುದು, ಕಿವಿ ಶುಚಿ ಮಾಡುವುದು, ಕಣ್ಣು ನೋಡುವುದು ಸಾಧ್ಯವಾ ಎಂದು ಮೊದಲೇ ಕೇಳಿ. ಬೇರೆ ಬೇರೆ ವಿಭಾಗದವರು ಮಾತಾಡಿಕೊಳ್ಳಬೇಕಾಗುತ್ತದೆ, ಸ್ವಲ್ಪ ಓಡಾಟ ಇರುತ್ತದೆ. ಆದರೆ ಅವರಿಗೆ ಹೆದರಿಕೆ ಒಂದೇ ಸಲಕ್ಕೆ ಮುಗಿಯುತ್ತದೆ.

ಹಂತ 4: ಮನೆಯಲ್ಲೇ ಅಭ್ಯಾಸ

ರಕ್ತ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅಪರಿಚಿತ ಕೋಣೆ, ಸ್ಪಿರಿಟ್ ವಾಸನೆ, ತೋಳಿಗೆ ಬಿಗಿಯುವ ಪಟ್ಟಿ, ಆಮೇಲೆ ಸೂಜಿ. ಏನಾಗುತ್ತಿದೆ ಎಂದೇ ತಿಳಿಯದವರಿಗೆ ಇದು ಹಲ್ಲೆಯಂತೆ ಅನಿಸಿದರೆ ಆಶ್ಚರ್ಯವಿಲ್ಲ. ನಾಲ್ಕು ಜನ ಸೇರಿ ಒತ್ತಿ ಹಿಡಿದು ರಕ್ತ ತೆಗೆದರೆ ಆ ದಿನದ ಕೆಲಸ ಆಗಬಹುದು. ಆದರೆ ಆ ಮನುಷ್ಯ ಮತ್ತೆ ಆಸ್ಪತ್ರೆ ಬಾಗಿಲು ತುಳಿಯಲು ಒಪ್ಪದೇ ಹೋಗಬಹುದು. ಮುಂದಿನ ಎಷ್ಟೋ ಪರೀಕ್ಷೆಗಳು ಅಲ್ಲೇ ನಿಂತುಹೋಗುತ್ತವೆ.

ಹೀಗೆ ಮಾಡಿ ನೋಡಿ. ಆಸ್ಪತ್ರೆಯ ಬಾಗಿಲು, ಕುರ್ಚಿ, ರಕ್ತ ತೆಗೆಯುವ ನರ್ಸ್ ಒಪ್ಪಿದರೆ ಅವರ ಫೋಟೋ, ಇವನ್ನೆಲ್ಲ ತೆಗೆದುಕೊಂಡು ಬಂದು ಕ್ರಮವಾಗಿ ತೋರಿಸಿ. ಮನೆಯಲ್ಲಿ ಒಂದು ಕುರ್ಚಿ ಹಾಕಿ, ತೋಳಿಗೆ ಬಟ್ಟೆ ಪಟ್ಟಿ ಕಟ್ಟಿ, ಒದ್ದೆ ಹತ್ತಿಯಿಂದ ಒರೆಸಿ, ಮೆಲ್ಲಗೆ ಚಿವುಟಿ, ಮೇಲೆ ಬ್ಯಾಂಡೇಜ್ ಅಂಟಿಸಿ. ಮೊದಲು ನಿಮ್ಮ ಕೈಗೆ, ಆಮೇಲೆ ಅವರ ಕೈಗೆ. ಪಟ್ಟಿ ಕಟ್ಟುವಾಗಲೇ ಕೈ ಎಳೆದುಕೊಂಡರೆ ಅಲ್ಲಿಗೇ ನಿಲ್ಲಿಸಿ. ನಾಳೆ ಮತ್ತೆ ಪಟ್ಟಿಯವರೆಗೆ ಮಾತ್ರ. ಆಮೇಲೆ ಒಂದು ಸಲ ಆಸ್ಪತ್ರೆಗೆ ಹೋಗಿ, ಆ ಕುರ್ಚಿಯಲ್ಲಿ ಕೂತು, ಏನೂ ಮಾಡಿಸದೆ ವಾಪಸ್ ಬನ್ನಿ.

ಪರೀಕ್ಷೆಯ ದಿನ ಚರ್ಮ ಮರಗಟ್ಟಿಸುವ ಮುಲಾಮು ಸಿಗುತ್ತದಾ ಕೇಳಿ. ಅದನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬೇಕಾಗುತ್ತದೆ. ಅಲ್ಲಿಗೆ ಹೋದ ಮೇಲೆ ಹಚ್ಚಿದರೆ ಪ್ರಯೋಜನ ಕಡಿಮೆ. ಡಾಕ್ಟರ್ ಖಾಲಿ ಹೊಟ್ಟೆ, ನೀರೂ ಬೇಡ ಎಂದು ಹೇಳಿಲ್ಲದಿದ್ದರೆ ಚೆನ್ನಾಗಿ ನೀರು ಕುಡಿಸಿ. ನರ ಹುಡುಕುವುದು ಸುಲಭ. "ನೋವೇ ಆಗಲ್ಲ" ಎಂದು ಮಾತ್ರ ಹೇಳಬೇಡಿ. "ಚುರ್ ಅನ್ನುತ್ತೆ, ಐದು ಎಣಿಸುವಷ್ಟರಲ್ಲಿ ಮುಗಿಯುತ್ತೆ" ಅನ್ನಿ. ಸುಳ್ಳು ಹೇಳಿ ಕರೆದುಕೊಂಡು ಹೋದರೆ ಮುಂದಿನ ಸಲ ನಿಮ್ಮ ಮಾತನ್ನೂ ನಂಬುವುದಿಲ್ಲ.

ಹಂತ 5: ಡಾಕ್ಟರ ಮುಂದೆ

ಮೊದಲ ಮಾತು ರೋಗಿಯ ಜೊತೆಗೇ ಆಗಲಿ. ಡಾಕ್ಟರ್ ನಿಮ್ಮನ್ನೇ ನೋಡಿ ಮಾತಾಡುತ್ತಿದ್ದರೆ "ಅವಳಿಗೇ ಕೇಳಿ ಡಾಕ್ಟ್ರೇ, ತಿಳಿಯದಿದ್ದರೆ ನಾನು ಸಹಾಯ ಮಾಡ್ತೀನಿ" ಎನ್ನಿ. ಒಂದು ವಾಕ್ಯದಲ್ಲಿ ಒಂದೇ ವಿಷಯ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯಬೇಕು. ಎಷ್ಟೋ ಸಲ ಉತ್ತರ ಏಳು ಎಂಟರ ಹೊತ್ತಿಗೆ ಬಾಯಿಗೆ ಬಂದಿರುತ್ತದೆ, ಅಷ್ಟರಲ್ಲಿ ನಾವೇ ಮಧ್ಯೆ ಮಾತಾಡಿಬಿಡುತ್ತೇವೆ.

ಹೌದು ಅಥವಾ ಇಲ್ಲ ಎನ್ನುವ ಪ್ರಶ್ನೆಗಳಲ್ಲಿ ಒಂದು ತೊಂದರೆ ಇದೆ. ಕೇಳಿದವರನ್ನು ಮೆಚ್ಚಿಸಲು ಎಲ್ಲದಕ್ಕೂ ಹೌದು ಅನ್ನುವವರು ಬಹಳ ಜನ. "ಹೊಟ್ಟೆ ನೋಯುತ್ತಾ?" ಎಂದರೆ ಹೌದು. "ಹೊಟ್ಟೆ ಸರಿ ಇದೆಯಾ?" ಎಂದರೂ ಹೌದು. ಅದಕ್ಕೇ ಅದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ ಕೇಳಬೇಕು. ಇಲ್ಲವೇ ದೇಹದ ಚಿತ್ರ ಮುಂದಿಟ್ಟು "ಎಲ್ಲಿ, ತೋರಿಸು" ಅನ್ನಬೇಕು. "ಎಷ್ಟು ದಿನದಿಂದ?" ಎಂಬ ಪ್ರಶ್ನೆಯೂ ಕಷ್ಟ. "ಅಕ್ಕ ಮನೆಗೆ ಬಂದಾಗ ನೋವಿತ್ತಾ?" ಎಂದು ಅವರಿಗೆ ನೆನಪಿರುವ ಒಂದು ಘಟನೆಗೆ ಜೋಡಿಸಿದರೆ ಉತ್ತರ ಸಿಗುತ್ತದೆ.

ಇನ್ನು "ಇವರ ಸ್ಥಿತಿಯೇ ಹಾಗೆ, ಏನೂ ಮಾಡೋಕಾಗಲ್ಲ" ಎಂಬ ಮಾತು ಬಂದಾಗ ಏನು ಹೇಳಬೇಕು? ಜಗಳ ಬೇಡ. ಒಂದು ಪ್ರಶ್ನೆ ಕೇಳಿ: "ಇದೇ ಬದಲಾವಣೆ ಬೇರೆ ಯಾರಿಗಾದರೂ ಬಂದಿದ್ದರೆ ನೀವು ಯಾವ ಪರೀಕ್ಷೆ ಮಾಡಿಸ್ತಿದ್ರಿ? ಅದನ್ನೇ ಇವರಿಗೂ ಮಾಡಬಹುದಾ?" ನೋಟ್‌ಬುಕ್, ವಿಡಿಯೋ ಮುಂದಿಡಿ. ಆಗಲೂ ಬೇಡ ಎಂದರೆ, ಪರೀಕ್ಷೆ ಏಕೆ ಬೇಡ ಎನ್ನುವ ಕಾರಣವನ್ನು ಚೀಟಿಯಲ್ಲಿ ಬರೆದುಕೊಡಲು ವಿನಯವಾಗಿ ಕೇಳಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದರಲ್ಲೂ ತಪ್ಪಿಲ್ಲ.

ಹೊರಡುವ ಮೊದಲು ಔಷಧಿ ಹೇಗೆ ತೆಗೆದುಕೊಳ್ಳಬೇಕು ಎಂದು ಅವರ ಬಾಯಲ್ಲೇ ಹೇಳಿಸಿ. "ಅರ್ಥ ಆಯ್ತಾ?" ಎಂದರೆ ತಲೆ ಆಡಿಸುತ್ತಾರೆ, ಅಷ್ಟೇ.

ಒಪ್ಪಿಗೆ ಯಾರದ್ದು?

ವಯಸ್ಸಿಗೆ ಬಂದವರಾದರೆ ಮೊದಲು ಕೇಳಬೇಕಾದ್ದು ಅವರನ್ನೇ. ಒಂದು ವಿಷಯ ತಿಳಿಯದವರಿಗೆ ಎಲ್ಲವೂ ತಿಳಿಯುವುದಿಲ್ಲ ಎಂದೇನಿಲ್ಲ. ದೊಡ್ಡ ಆಪರೇಷನ್ನಿನ ಸಾಧಕ ಬಾಧಕ ತೂಗಲು ಆಗದವರು ಯಾವ ಕೈಗೆ ಇಂಜೆಕ್ಷನ್ ಬೇಕು ಎಂದು ಖಂಡಿತ ಹೇಳಬಲ್ಲರು. ಅವರಿಂದ ನಿರ್ಧಾರ ಸಾಧ್ಯವೇ ಇಲ್ಲ ಎಂದಾದಾಗ ಯಾರು ಸಹಿ ಹಾಕಬೇಕು ಎನ್ನುವ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ತುರ್ತು ಬರುವ ಮೊದಲೇ ತಿಳಿದಿಟ್ಟುಕೊಳ್ಳಿ. ಖಾಸಗಿ ವಿಷಯಗಳ ಬಗ್ಗೆ ಡಾಕ್ಟರ್ ಜೊತೆ ಒಬ್ಬರೇ ಮಾತಾಡಲು ಅವರಿಗೆ ಇಷ್ಟವಿದ್ದರೆ ನೀವು ಹೊರಗೆ ನಿಲ್ಲಿ.

ಹಂತ 6: ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ

ತೊಂದರೆ ಹೇಳಿಕೊಂಡು ಬರಲಾಗದವರ ತೊಂದರೆಯನ್ನು ನಾವೇ ಹುಡುಕಿಕೊಂಡು ಹೋಗಬೇಕು. ಇಂಗ್ಲೆಂಡಿನಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ 14ನೇ ವಯಸ್ಸಿನಿಂದ ಪ್ರತಿ ವರ್ಷ ಇಂಥ ತಪಾಸಣೆಗೆ ಅವಕಾಶವಿದೆ. ನೀವಿರುವ ಕಡೆ ಅಂಥ ಏರ್ಪಾಡು ಇಲ್ಲದಿದ್ದರೂ ವರ್ಷದ ಒಂದು ತಿಂಗಳನ್ನು ಗೊತ್ತು ಮಾಡಿಕೊಂಡು ನೀವೇ ಕೇಳಿ ಮಾಡಿಸಬಹುದು.

ತೂಕ, ಬಿಪಿ, ಸಕ್ಕರೆ ಸರಿ, ಅವನ್ನು ಎಲ್ಲರೂ ನೋಡುತ್ತಾರೆ. ಬಿಟ್ಟುಹೋಗುವುದು ಬೇರೆಯವು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕಿವಿ ಮಂದವಾಗಿದ್ದರೆ "ಹೇಳಿದ ಮಾತು ಕೇಳಲ್ಲ" ಎಂಬ ಬೈಗುಳ ಬೀಳುತ್ತಿರುತ್ತದೆ. ಹಲ್ಲು, ಒಸಡು ನೋಡಿಸಿ. ಊಟದ ಮಧ್ಯೆ ಕೆಮ್ಮು, ಪದೇ ಪದೇ ಎದೆ ಸೋಂಕು ಇದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ನುಂಗುವುದನ್ನು ಪರೀಕ್ಷಿಸುವ ತಜ್ಞರಿಗೆ ತೋರಿಸಿ. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್ ಪರೀಕ್ಷೆ ಪ್ರತಿ ವರ್ಷ. ಅವರಲ್ಲಿ ಮರೆವಿನ ಕಾಯಿಲೆಯೂ ಬೇಗ ಬರಬಹುದು, ನಿಜ. ಆದರೆ ಮಂಕಾದ ಕೂಡಲೇ ಮರೆವು ಅಂದುಬಿಡಬಾರದು. ಥೈರಾಯ್ಡ್, ಬಿ12, ಕಿವಿ, ಕಣ್ಣು, ಮನಸ್ಸಿನ ಖಿನ್ನತೆ ಎಲ್ಲ ನೋಡಿದ ಮೇಲೆ ಆ ಮಾತು. ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ "ಇವರಿಗೇಕೆ" ಎಂದು ತಪ್ಪಿಹೋಗುತ್ತದೆ. ಇವರಿಗೂ ಬೇಕು.

ಮಲಬದ್ಧತೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದನ್ನು ಯಾರೂ ದೊಡ್ಡ ಕಾಯಿಲೆ ಅಂದುಕೊಳ್ಳುವುದಿಲ್ಲ, ಆದರೆ ಇದರಿಂದಲೇ ಜೀವ ಹೋದವರಿದ್ದಾರೆ. ಓಡಾಟ ಕಡಿಮೆ, ನೀರು ಕಡಿಮೆ, ಜೊತೆಗೆ ಮನೋರೋಗದ ಕೆಲವು ಮಾತ್ರೆಗಳು, ಕಬ್ಬಿಣದ ಮಾತ್ರೆಗಳು ಕರುಳನ್ನು ನಿಧಾನ ಮಾಡುತ್ತವೆ. ಒಂದು ಸೂಕ್ಷ್ಮ ತಿಳಿದಿರಲಿ: ಗಟ್ಟಿ ಮಲ ಕರುಳಲ್ಲಿ ಅಡ್ಡ ನಿಂತಾಗ ಅದರ ಪಕ್ಕದಿಂದ ನೀರಾದ ಮಲ ಸೋರುತ್ತದೆ. ಬಟ್ಟೆ ಕೊಳೆಯಾಗುವುದನ್ನು ನೋಡಿ ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಕ್ಯಾಲೆಂಡರಿನಲ್ಲಿ ದಿನಾ ಒಂದು ಗುರುತು ಹಾಕಿ. ಹೇಗಿತ್ತು ಎಂಬುದಕ್ಕೆ 7 ಬಗೆಯ ಚಿತ್ರಗಳಿರುವ ಬ್ರಿಸ್ಟಲ್ ಪಟ್ಟಿ ಇದೆ, ಡಾಕ್ಟರುಗಳಿಗೆ ಅದರ ಪರಿಚಯ ಇರುತ್ತದೆ. ಹೊಟ್ಟೆ ಉಬ್ಬಿ, ಮುಟ್ಟಿದರೆ ಗಟ್ಟಿಯಾಗಿದ್ದು, ವಾಂತಿಯೂ ಆಗುತ್ತಿದ್ದರೆ ಕಾಯಬೇಡಿ, ತುರ್ತು ವಿಭಾಗಕ್ಕೆ ಹೋಗಿ.

ಇದೇ ತಪಾಸಣೆಯಲ್ಲಿ ಒಂದೊಂದು ಮಾತ್ರೆಯನ್ನೂ ತೋರಿಸಿ "ಇದು ಯಾವುದಕ್ಕೆ? ಇನ್ನೂ ಬೇಕಾ?" ಎಂದು ಕೇಳಿ. ಗಲಾಟೆ ಮಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಮನೋರೋಗದ ಮಾತ್ರೆ ನುಂಗುತ್ತಿರುವವರಿದ್ದಾರೆ. ಆದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಕಡಿಮೆ ಮಾಡುವುದಾದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ. ಫಿಟ್ಸ್ ಮಾತ್ರೆಗಂತೂ ಇದು ಕಟ್ಟುನಿಟ್ಟು.

ಹಂತ 7: ಅಡ್ಮಿಟ್ ಆದರೆ

ಪರಿಚಯದವರು ಒಬ್ಬರು ಜೊತೆಗಿರಲು ಅನುಮತಿ ಕೇಳಿ. ಪಾಳಿ ಬದಲಾದಾಗಲೆಲ್ಲ ಹೊಸ ನರ್ಸಿಗೆ ಆ ಹಾಳೆ ತೋರಿಸಿ. ಊಟ ನೀರು ಪಕ್ಕದಲ್ಲಿ ಇಟ್ಟುಹೋದರೆ ಸಾಲದು, ತಿನ್ನಿಸುವವರು ಯಾರು ಎಂದು ಗೊತ್ತಾಗಬೇಕು.

ಉಸಿರಾಟ ಜೋರಾದರೆ, ಮೈ ತಣ್ಣಗಾದರೆ, ಎಬ್ಬಿಸಿದರೂ ಎಂದಿನಂತೆ ಕಣ್ಣು ಬಿಡದಿದ್ದರೆ, ಮೂತ್ರ ಕಡಿಮೆಯಾದರೆ ಕೂಡಲೇ ಕರೆಯಿರಿ. ಜ್ವರ ಇಲ್ಲದೆಯೂ ಸೋಂಕು ಮೈಯೆಲ್ಲ ಹರಡಿರಬಹುದು. "ನಾನು ಇವರನ್ನು ದಿನಾ ನೋಡ್ತೀನಿ, ಇವರು ಯಾವತ್ತೂ ಹೀಗಿರಲ್ಲ, ಈಗಲೇ ಡಾಕ್ಟರನ್ನ ಕರೀರಿ" ಎಂದು ಸ್ಪಷ್ಟವಾಗಿ ಹೇಳಿ. ಅಳುಕುವ ಹೊತ್ತಲ್ಲ ಅದು.

ಡಿಸ್ಚಾರ್ಜ್ ಆಗುವಾಗ ಯಾವ ಮಾತ್ರೆ ಹೊಸದು, ಯಾವುದು ನಿಂತಿತು, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು ಎಂಬುದನ್ನು ಸರಳವಾಗಿ ಬರೆಸಿಕೊಳ್ಳಿ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ

ನೀವು ರಿಸೆಪ್ಷನ್ನಿನಲ್ಲಿ ಇರಬಹುದು, ಲ್ಯಾಬಿನಲ್ಲಿ ಇರಬಹುದು. ಇಂಥವರ ದಾಖಲೆಯ ಮೇಲೆ ಎದ್ದು ಕಾಣುವ ಒಂದು ಗುರುತು ಹಾಕಿ, ಅವರಿಗೆ ಏನು ಬೇಕು ಎನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಮುಂದಿನ ಸಲ ಮನೆಯವರು ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುವುದಿಲ್ಲ. ಸರದಿ ತಪ್ಪಿಸಿಕೊಂಡರೆ ಹೆಸರು ಹೊಡೆದುಹಾಕುವ ಮೊದಲು ಫೋನ್ ಮಾಡಿ. ಪತ್ರ ಓದಲು ಬಾರದವರು, ಬಸ್ಸು ಹತ್ತಲು ಜೊತೆಗೆ ಜನ ಬೇಕಾದವರು ಬರಲಿಲ್ಲ ಎಂದರೆ ಚಿಕಿತ್ಸೆ ಬೇಡ ಎಂದು ಅರ್ಥವಲ್ಲ.

ಹಂತ 8: ಇನ್ನೊಬ್ಬರನ್ನು ತಯಾರು ಮಾಡಿ

ಎಲ್ಲ ವಿವರ ಅಮ್ಮ ಒಬ್ಬರ ತಲೆಯಲ್ಲೇ ಇರುವ ಮನೆಗಳೇ ಜಾಸ್ತಿ. ಅಮ್ಮನಿಗೇ ಹುಷಾರು ತಪ್ಪಿದರೆ ಏನು ಗತಿ? ತಮ್ಮ, ತಂಗಿ, ಅತ್ತಿಗೆ, ಪಕ್ಕದ ಮನೆಯವರು, ಯಾರಾದರೂ ಒಬ್ಬರನ್ನು ಮುಂದಿನ ತಪಾಸಣೆಗೆ ಜೊತೆಗೆ ಕರೆದುಕೊಂಡು ಹೋಗಿ. ಅದರ ಮುಂದಿನ ಸಲ ಅವರು ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಫಿಟ್ಸ್ ಔಷಧಿ ಕೊಡುವುದನ್ನು ಅವರಿಗೂ ನರ್ಸ್ ಕೈಯಲ್ಲೇ ಹೇಳಿಕೊಡಿಸಿ. ಪರಿಚಯದ ಹಾಳೆಯ ಒಂದು ಪ್ರತಿ ಅವರ ಫೋನಿನಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ, ಇನ್ನೊಂದು ಆಸ್ಪತ್ರೆಯ ಫೈಲಿನಲ್ಲಿ ಇರಲಿ.